ಕೌನ್ಸೆಲಿಂಗ್ ಕೆಲಸಕ್ಕೆ ಹೊಸದಾಗಿ ಸೇರೋರು ಮೊದಲು ತಿಳ್ಕೋಬೇಕಾದ್ದು

ಎಂಎಸ್‌ಡಬ್ಲ್ಯೂನೋ ಸೈಕಾಲಜಿನೋ ಮುಗಿಸಿ ಕಾಲೇಜಲ್ಲಿ, ಎನ್‌ಜಿಒದಲ್ಲಿ ಕೌನ್ಸೆಲರ್ ಆಗಿ ಸೇರೋರು ಮೊದಲು ಬಿಡಬೇಕಾದ ಅಭ್ಯಾಸ ಅಂದ್ರೆ ಬುದ್ಧಿ ಹೇಳೋದು. ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ "ಅದಕ್ಯಾಕೆ ತಲೆ ಕೆಡಿಸ್ಕೋತೀಯ, ಧೈರ್ಯವಾಗಿರು" ಅಂದುಬಿಡ್ತೀವಿ, ಪ್ರೀತಿಯಿಂದಾನೇ ಹೇಳೋದು, ಆದ್ರೆ ಅವರ ಮಾತು ಅಲ್ಲಿಗೇ ನಿಂತು ಹೋಗುತ್ತೆ.

ಉದಾಹರಣೆಗೆ ಸೆಕೆಂಡ್ ಪಿಯು ಹುಡುಗ ಒಬ್ಬ ಬಂದು "ಈ ಸಲಾನೂ ಫೇಲಾದ್ರೆ ನಾನು ಮನೆಗೇ ಹೋಗಲ್ಲ ಮೇಡಂ" ಅಂತಾನೆ ಅಂದ್ಕೊಳ್ಳಿ. "ಹಾಗೆಲ್ಲ ಅನ್ಬಾರ್ದಪ್ಪ, ಚೆನ್ನಾಗಿ ಓದು" ಅಂದ್ರೆ ತಲೆ ಆಡಿಸಿ ಎದ್ದು ಹೋಗ್ತಾನೆ, ಇನ್ನೊಂದ್ಸಲ ಬರಲ್ಲ. ಅದರ ಬದಲು "ಮನೆ ನೆನೆಸ್ಕೊಂಡ್ರೇನೇ ಭಯ ಆಗ್ತಿರೋ ಹಾಗಿದೆ, ಹೋದ್ರೆ ಏನಾಗುತ್ತೆ ಅಂತ ಅನ್ಸುತ್ತೆ?" ಅಂತ ಕೇಳಿ ಸುಮ್ನಿರಿ. ಅವನು ಒಂದು ನಿಮಿಷ ನೆಲ ನೋಡ್ತಾ ಕೂತ್ರೂ ಪರ್ವಾಗಿಲ್ಲ, ನೀವು ಮಾತಾಡಿ ಆ ಹೊತ್ತನ್ನ ತುಂಬಿಸ್ಬೇಡಿ. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿರೋದು, ಟ್ಯೂಷನ್‌ಗೆ ಹೋಗ್ದೆ ಇದ್ದಿದ್ದು, ಎಲ್ಲ ಆಮೇಲೆ ಬರೋದು. "ಮನೆಗೆ ಹೋಗಲ್ಲ" ಅನ್ನೋದರ ಹಿಂದೆ ಸಾಯೋ ಯೋಚನೆ ಇದೆ ಅನ್ಸಿದ್ರೆ ಸುತ್ತಿ ಬಳಸಿ ಕೇಳ್ಬೇಡಿ, "ಸಾಯ್ಬೇಕು ಅಂತ ಅನ್ಸಿದ್ಯಾ?" ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಾಗೇನಿಲ್ಲ, ಎಷ್ಟೋ ಜನಕ್ಕೆ ಕೊನೆಗೂ ಒಬ್ರು ಕೇಳಿದ್ರಲ್ಲ ಅಂತ ಸಮಾಧಾನ ಆಗುತ್ತೆ.

ಕಾರ್ಲ್ ರೋಜರ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1957ರಲ್ಲಿ ಬರೆದ ಲೇಖನದಲ್ಲಿ ಕೌನ್ಸೆಲರ್‌ಗೆ ಮೂರು ಗುಣ ಬೇಕೇ ಬೇಕು ಅಂದ್ರು. ಎದುರಿಗಿರೋರ ಜಾಗದಲ್ಲಿ ನಿಂತು ಅರ್ಥ ಮಾಡ್ಕೊಳ್ಳೋದು, ಷರತ್ತು ಹಾಕ್ದೆ ಅವರನ್ನ ಒಪ್ಕೊಳ್ಳೋದು, ನಾಟಕ ಆಡ್ದೆ ಇರೋದು. ನಂಗನ್ಸೋ ಹಾಗೆ ಎರಡನೇದೇ ಕಷ್ಟ. ಕುಡಿದು ಹೆಂಡ್ತಿಗೆ ಹೊಡೆದೋನು ಎದುರಿಗೆ ಕೂತಾಗ ಅವನು ಮಾಡಿದ್ದನ್ನ ಒಪ್ಪಬೇಕಿಲ್ಲ, ಆದ್ರೆ ಅವನನ್ನ ಮನುಷ್ಯ ಅಂತ ನೋಡ್ಲೇಬೇಕು, ಹೆಂಡ್ತಿ ಈಗ ಸೇಫಾಗಿದ್ದಾರಾ ಅಂತಾನೂ ವಿಚಾರಿಸ್ಬೇಕು.

ಅವರ ಗುಟ್ಟು ಎಲ್ಲಿವರೆಗೆ ಕಾಪಾಡ್ತೀರಿ ಅನ್ನೋದನ್ನ ಮೊದಲ ಸೆಷನ್‌ನಲ್ಲೇ ಬಿಡಿಸಿ ಹೇಳಿ. "ನೀನು ಹೇಳಿದ್ದು ಇಲ್ಲೇ ಇರುತ್ತೆ, ಆದ್ರೆ ನಿನ್ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ರೆ ಬೇಕಾದೋರಿಗೆ ತಿಳಿಸ್ತೀನಿ." ಹದಿನೆಂಟರ ಒಳಗಿನ ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅಲ್ಲಿ ಆಯ್ಕೆ ಅನ್ನೋದಿಲ್ಲ. ಅದು ಬಿಟ್ಟು ಪ್ರಿನ್ಸಿಪಾಲ್ರು ಕಾರಿಡಾರಲ್ಲಿ ನಿಲ್ಲಿಸಿ "ಏನಂತೆ ಆ ಹುಡುಗೀದು?" ಅಂದ್ರೆ, "ಅವಳನ್ನ ಕೇಳ್ದೆ ಹೇಳೋ ಹಾಗಿಲ್ಲ ಸರ್" ಅಂತ ಮರ್ಯಾದೆಯಿಂದಾನೇ ಹೇಳಿ. ಒಂದೇ ಒಂದು ಸಲ ಬಾಯಿ ಬಿಟ್ರೂ ಇಡೀ ಕಾಲೇಜಿಗೆ ಗೊತ್ತಾಗುತ್ತೆ, ಆಮೇಲೆ ನಿಮ್ಮ ರೂಮಿಗೆ ಯಾರೂ ಬರಲ್ಲ.

ನೆಂಟರು, ಸ್ನೇಹಿತರು, ಬಾಡಿಗೆ ಮನೆ ಓನರ್ ಮಗಳು, ಇವರಿಗೆಲ್ಲ ನೀವು ಕೌನ್ಸೆಲಿಂಗ್ ಮಾಡ್ಬೇಡಿ, ಬೇರೆಯವರ ಹತ್ರ ಕಳಿಸಿ.

ಮಾತ್ರೆ ವಿಷಯಕ್ಕಂತೂ ಕೈ ಹಾಕ್ಲೇಬೇಡಿ. ಇಲ್ಲದ ದನಿ ಕೇಳಿಸ್ತಿದೆ, ವಾರಗಟ್ಟಲೆ ನಿದ್ದೆ ಊಟ ಇಲ್ಲ ಅಂದ್ರೆ ಅದು ಸೈಕಿಯಾಟ್ರಿಸ್ಟ್ ನೋಡ್ಬೇಕಾದ ಕೇಸು. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆಸ್ಪತ್ರೆ ಇದೆ, ಉಳಿದ ಕಡೆ ಜಿಲ್ಲಾಸ್ಪತ್ರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, 2022ರಲ್ಲಿ ಶುರುವಾಗಿದ್ದು, ದುಡ್ಡು ಕೊಡ್ಬೇಕಾಗಿಲ್ಲ, ರಾತ್ರಿ ಎಷ್ಟೊತ್ತಿಗೆ ಮಾಡಿದ್ರೂ ಕನ್ನಡದಲ್ಲೇ ಮಾತಾಡ್ಬಹುದು, ಚೀಟಿಲಿ ಬರೆದು ಕೈಗೆ ಕೊಡಿ. ಕಳಿಸಿ ಸುಮ್ನಾಗ್ಬೇಡಿ, ಹೋದ್ರಾ ಇಲ್ವಾ ಅಂತ ಮುಂದಿನ ವಾರ ವಿಚಾರಿಸಿ.