ಕೊಲೆಸ್ಟ್ರಾಲ್ ಮಾತ್ರೆ ಮತ್ತು ಮೈಕೈ ನೋವು: ಮಾತ್ರೆಗೆ ಬೈಯುವ ಮೊದಲು ಇಷ್ಟು ಮಾಡಿ

ಕೊಲೆಸ್ಟ್ರಾಲ್ ಮಾತ್ರೆ ತಿಂದರೆ ಮೈಯಲ್ಲಿ ಶಕ್ತಿ ತಯಾರಿಗೆ ಬೇಕಾದ ಕೋಕ್ಯೂ10 ಅನ್ನುವ ವಸ್ತು ಎಲ್ಲ ಖಾಲಿಯಾಗುತ್ತದಂತೆ, ಸ್ನಾಯು ಕರಗುತ್ತದಂತೆ ಅಂತ ಒಂದು ವಾಟ್ಸಾಪ್ ಸಂದೇಶ ನನಗೂ ಬಂದಿತ್ತು. ಓದಿದೆ, ಹೆದರಿದೆ, ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ಮೂರು ತಿಂಗಳು ಕಳೆದು ರಕ್ತ ಕೊಟ್ಟು ನೋಡಿದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಮತ್ತೆ ಹಳೇ ಜಾಗಕ್ಕೇ ಹೋಗಿ ಕೂತಿತ್ತು. ಕಾಲು ನೋವು ಮಾತ್ರ ಹಾಗೇ ಇತ್ತು. ಆಮೇಲೆ ತಲೆಗೆ ಹೊಳೆಯಿತು, ನಾನು ಮಾತ್ರೆ ಶುರು ಮಾಡಿದ್ದೇ ಕರಿಮೆಣಸು ಕೊಯ್ಲಿನ ಹೊತ್ತಿಗೆ. ದಿನವಿಡೀ ಏಣಿ ಹತ್ತಿ ಇಳಿದವನ ಕಾಲು ನೋಯದೆ ಇನ್ನೇನಾಗುತ್ತದೆ?

ಆ ಸಂದೇಶ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ನಮ್ಮ ಕೊಡಗಿನ ಕಡೆಯ ಗದ್ದೆಗಳನ್ನು ನೆನೆಸಿಕೊಳ್ಳಿ. ಮೇಲಿನದಕ್ಕೆ ನೀರು ಬಿಟ್ಟರೆ ಅದು ತುಂಬಿ ಕೆಳಗಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮೈಯಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ. ಮೇಲ್ಗಡೆ ಎಚ್‌ಎಂಜಿ-ಕೋಎ ರಿಡಕ್ಟೇಸ್ ಅನ್ನುವ ಕಿಣ್ವ ತೂಬಿನ ಹಾಗೆ ಕೂತಿದೆ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಥರದ ಮಾತ್ರೆಗಳು, ಅಂದರೆ ಸ್ಟ್ಯಾಟಿನ್‌ಗಳು, ಈ ತೂಬನ್ನು ಅರ್ಧಂಬರ್ಧ ಮುಚ್ಚುತ್ತವೆ. (ಈ ಜಾತಿಯ ಮೊದಲ ವಸ್ತು ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಕಂಡುಹಿಡಿದದ್ದು.) ಒಳಗೆ ಕೊಲೆಸ್ಟ್ರಾಲ್ ಕಡಿಮೆಯಾದಾಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ನಮಗೆ ಬೇಕಾದದ್ದೂ ಅದೇ.

ಆದರೆ ಅದೇ ತೂಬಿನ ನೀರು ಬೇರೆ ಗದ್ದೆಗಳಿಗೂ ಹೋಗುತ್ತದೆ. ಒಂದು ಗದ್ದೆ ಕೋಕ್ಯೂ10. ಇದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಗೆ ಬೇಕೇ ಬೇಕು. 1957ರಲ್ಲಿ ಫ್ರೆಡರಿಕ್ ಕ್ರೇನ್ ಇದನ್ನು ಗುರುತಿಸಿದ್ದು ದನದ ಹೃದಯದಲ್ಲಿ, ಯಾಕೆಂದರೆ ಸದಾ ದುಡಿಯುವ ಸ್ನಾಯುವಿನಲ್ಲಿ ಅದು ಜಾಸ್ತಿ. ಸ್ಟ್ಯಾಟಿನ್ ತಿನ್ನುವವರ ರಕ್ತದಲ್ಲಿ ಕೋಕ್ಯೂ10 ಇಳಿಯುವುದು ನಿಜ. ಆದರೆ ಅದು ರಕ್ತದಲ್ಲಿ ಓಡಾಡುವುದೇ ಹೆಚ್ಚಾಗಿ ಎಲ್‌ಡಿಎಲ್ ಮೇಲೆ ಸವಾರಿ ಮಾಡಿಕೊಂಡು. ಬಸ್ಸೇ ಕಡಿಮೆಯಾದರೆ ಒಳಗೆ ಕೂತವರೂ ಕಡಿಮೆ ಕಾಣುತ್ತಾರೆ, ಅಲ್ವಾ? ಸ್ನಾಯುವಿನ ಒಳಗೆ ಎಷ್ಟು ಇಳಿಯುತ್ತದೆ ಅಂತ ನೋಡಿದವರ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಕೊಲೆಸ್ಟ್ರಾಲಿನಿಂದಲೇ ಆಗುವ ಹಾರ್ಮೋನುಗಳು ಸಾಮಾನ್ಯ ಡೋಸಿನಲ್ಲಿ ತೊಂದರೆ ಕೊಡುವಷ್ಟು ಇಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಾತ್ರೆ ಶುರು ಮಾಡುವ ಮೊದಲೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆಯಿರಿ. ಎಲ್ಲಿ ನೋವು, ಎಷ್ಟು, ಆ ದಿನ ಏನು ಕೆಲಸ ಮಾಡಿದಿರಿ. ಐವತ್ತು ದಾಟಿದ ಮೇಲೆ ನೋವೇ ಇಲ್ಲದ ಮೈ ಯಾರದ್ದೂ ಇಲ್ಲ, ಆದರೆ ಮಾತ್ರೆ ನುಂಗಿದ ಮರುದಿನದಿಂದ ನಾವು ಆ ನೋವನ್ನು ಹುಡುಕಲು ಶುರು ಮಾಡುತ್ತೇವೆ. ಮಾತ್ರೆಯದ್ದೇ ನೋವಾದರೆ ಅದು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ತೊಡೆ, ಸೊಂಟ, ಮೀನಖಂಡ, ಭುಜ ಹೀಗೆ ದೊಡ್ಡ ಸ್ನಾಯುಗಳಲ್ಲಿ, ಅದೂ ಶುರು ಮಾಡಿದ ಅಥವಾ ಡೋಸು ಏರಿಸಿದ ಕೆಲವು ವಾರಗಳೊಳಗೆ. ಬಲ ಮಂಡಿ ಮಾತ್ರ ನೋಯುತ್ತಿದ್ದರೆ ಪಾಪ, ಮಾತ್ರೆಯನ್ನು ಬೈಯಬೇಡಿ.

ನೋವು ಬಂದಿತು ಅಂದುಕೊಳ್ಳಿ. ಡಾಕ್ಟರ ಹತ್ತಿರ ಮೂರು ಪರೀಕ್ಷೆ ಕೇಳಿ: ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಡಿ, ಸಿಕೆ. ಥೈರಾಯ್ಡ್ ಮಂದವಾಗಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈಕೈಯೂ ನೋಯುತ್ತದೆ. ಎಷ್ಟೋ ಸಲ ಮೂಲ ಅಲ್ಲೇ ಇರುತ್ತದೆ. ವಿಟಮಿನ್ ಡಿ ಕೊರತೆ ತಾನೇ ಸ್ನಾಯು ನೋವು ತರಬಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಇರುವವರಿಗೆ ಬಿಸಿಲು ಕಾಣುವುದೇ ಅಪರೂಪ, ಆದ್ದರಿಂದ ಕೊರತೆ ಇದ್ದರೆ ಸರಿಪಡಿಸಿಕೊಳ್ಳಿ. ಆದರೆ ಡಿ ಮಾತ್ರೆ ತಿಂದರೆ ಸ್ಟ್ಯಾಟಿನ್ ನೋವು ಬರುವುದೇ ಇಲ್ಲ ಅನ್ನುವ ನಂಬಿಕೆಗೆ ಆಧಾರವಿಲ್ಲ. ಅಮೆರಿಕದಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, 2022ರಲ್ಲಿ ಬಂದ ಫಲಿತಾಂಶದಲ್ಲಿ ವ್ಯತ್ಯಾಸ ಸಿಗಲಿಲ್ಲ. ಸಿಕೆ ಅಂದರೆ ಸ್ನಾಯು ಪೆಟ್ಟು ತಿಂದಾಗ ರಕ್ತಕ್ಕೆ ಸೋರುವ ಕಿಣ್ವ. ಕಾಫಿ ಮೂಟೆ ಹೊತ್ತ ಮರುದಿನವೇ ರಕ್ತ ಕೊಟ್ಟರೆ ಅದು ಹೇಗೂ ಜಾಸ್ತಿ ಇರುತ್ತದೆ. ಕೆಲವು ದಿನ ಮೈ ದಂಡಿಸದೆ ಇದ್ದು ಆಮೇಲೆ ಹೋಗಿ.

ಇಷ್ಟಾದ ಮೇಲೂ ಅನುಮಾನವಿದ್ದರೆ ಡಾಕ್ಟರಿಗೆ ಹೇಳಿಯೇ ಕೆಲವು ವಾರ ಮಾತ್ರೆ ನಿಲ್ಲಿಸಿ, ನೋವು ಹೋಯಿತಾ ನೋಡಿ, ಮತ್ತೆ ಶುರು ಮಾಡಿ ನೋಡಿ. ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು ಇದನ್ನು ಸ್ವಂತ ಬುದ್ಧಿಯಿಂದ ಮಾಡಲೇಬೇಡಿ. 2020ರಲ್ಲಿ ಇಂಗ್ಲೆಂಡಿನ ಸ್ಯಾಮ್ಸನ್ ಅಧ್ಯಯನದಲ್ಲಿ ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ತಿಂಗಳು ಮಾತ್ರೆ, ಒಂದು ತಿಂಗಳು ಅದೇ ಥರ ಕಾಣುವ ಸುಮ್ನೆ ಮಾತ್ರೆ, ಒಂದು ತಿಂಗಳು ಖಾಲಿ ಡಬ್ಬಿ ಹೀಗೆ ವರ್ಷವಿಡೀ ತಿರುಗಿಸಿ ಕೊಟ್ಟರು. ಮಾತ್ರೆ ತಿಂದಾಗ ಬಂದ ತೊಂದರೆಯಲ್ಲಿ ನೂರಕ್ಕೆ 90 ಪಾಲು ಔಷಧಿಯೇ ಇಲ್ಲದ ಸುಮ್ನೆ ಮಾತ್ರೆಗೂ ಬಂದಿತ್ತು! ನೋವು ಸುಳ್ಳು ಅಂತಲ್ಲ. ನೋವು ನಿಜವೇ, ಕಾರಣ ಮಾತ್ರ ಬೇರೆ. ಮಾತ್ರೆಯಿಂದಲೇ ನೋವು ಬರುವವರೂ ಇದ್ದಾರೆ, ಅವರಿಗೆ ಡೋಸು ಇಳಿಸುವುದು, ಬೇರೆ ಸ್ಟ್ಯಾಟಿನ್, ದಿನ ಬಿಟ್ಟು ದಿನ ಕೊಡುವುದು ಇಂಥ ದಾರಿಗಳಿವೆ.

ಕೋಕ್ಯೂ10 ಮಾತ್ರೆ ತೆಗೆದುಕೊಳ್ಳಬೇಕಾ? ನೋವು ಕಡಿಮೆಯಾಗುತ್ತದೆ ಅಂತ ಕೆಲವು ಅಧ್ಯಯನ ಹೇಳುತ್ತವೆ, ಇಲ್ಲ ಅಂತ ಕೆಲವು. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡಿದ್ದರೆ ದಿನಕ್ಕೆ 100 ಮಿಲಿಗ್ರಾಂ ಊಟದ ಜೊತೆ ಎರಡು ತಿಂಗಳು ನೋಡಿ, ಉಪಯೋಗ ಕಾಣದಿದ್ದರೆ ಬಿಟ್ಟುಬಿಡಿ. ಅದು ಕೊಬ್ಬಿನಲ್ಲಿ ಕರಗುವ ವಸ್ತು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಿನ್ನುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಆ ಔಷಧಿಯ ಕೆಲಸವನ್ನು ಇದು ತಗ್ಗಿಸಬಹುದು. ಮತ್ತಿ ಮೀನು, ಮಾಂಸ, ಕಡಲೆಕಾಯಿಯಲ್ಲೂ ಕೋಕ್ಯೂ10 ಇದೆ, ಆದರೆ ಊಟದಿಂದ ಸಿಗುವುದು ದಿನಕ್ಕೆ ಕೆಲವೇ ಮಿಲಿಗ್ರಾಂ. ಅದನ್ನು ನೆಪ ಮಾಡಿಕೊಂಡು ಪಂದಿ ಕರಿ ಎರಡನೇ ಸಲ ಬಡಿಸಿಕೊಳ್ಳಬೇಡಿ. ನಾನು ಮಾಡಿ ನೋಡಿದ್ದೇನೆ, ಮನೆಯಲ್ಲಿ ಯಾರೂ ನಂಬಲಿಲ್ಲ.

ಪಂದಿ ಕರಿ ಅಂದಮೇಲೆ ಕಾಚಂಪುಳಿ, ಅದಕ್ಕೆ ಹಾಕುವ ಗಾರ್ಸೀನಿಯಾ ಹಣ್ಣಿನ ಕಪ್ಪು ಹುಳಿ. ಅದರಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ತಡೆಯುವುದು ಎಟಿಪಿ ಸಿಟ್ರೇಟ್ ಲಯೇಸ್ ಅನ್ನುವ ಕಿಣ್ವವನ್ನು. ಬೆಂಪೆಡೋಯಿಕ್ ಆಸಿಡ್ ಅನ್ನುವ ಹೊಸ ಕೊಲೆಸ್ಟ್ರಾಲ್ ಮಾತ್ರೆ ತಡೆಯುವುದೂ ಅದೇ ಕಿಣ್ವವನ್ನು! ಸ್ಟ್ಯಾಟಿನ್ ತೂಬಿಗಿಂತ ಸ್ವಲ್ಪ ಮೇಲೆ ಇರುವ ಇನ್ನೊಂದು ತೂಬು ಅದು. ಆ ಮಾತ್ರೆ ಎಚ್ಚರಗೊಳ್ಳುವುದು ಲಿವರ್‌ನಲ್ಲಿ, ಸ್ನಾಯುವಿನಲ್ಲಿ ಅಲ್ಲ, ಆದ್ದರಿಂದ ಸ್ಟ್ಯಾಟಿನ್ ಆಗದವರಿಗೆ ಕೊಡುತ್ತಾರೆ. ಎಜೆಟಿಮೈಬ್ ಇನ್ನೊಂದು ಮಾತ್ರೆ, ಅದು ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ, ಈ ಗದ್ದೆಗಳ ತಂಟೆಗೇ ಬರುವುದಿಲ್ಲ. ಕಾಚಂಪುಳಿ ಒಂದು ಚಮಚ ಸಾರಿಗೆ ಹುಳಿ, ಔಷಧಿ ಅಲ್ಲ. ತೂಕ ಇಳಿಸಲು ಅಂತ ಮಾರುವ ಗಾರ್ಸೀನಿಯಾ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟ ಪ್ರಕರಣಗಳಿವೆ, ಸ್ಟ್ಯಾಟಿನ್ ಜೊತೆಗೆ ಅದನ್ನು ಸೇರಿಸಬೇಡಿ.

ಇನ್ನು ಕಿತ್ತಳೆ. ನಮ್ಮ ಕೊಡಗಿನ ಕಿತ್ತಳೆ ಧಾರಾಳವಾಗಿ ತಿನ್ನಿ. ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಗ್ರೇಪ್‌ಫ್ರೂಟ್ ಮಾತ್ರ ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಚಕ್ಕೋತ ಅದರ ಹತ್ತಿರದ ನೆಂಟ, ಹಿತ್ತಲಲ್ಲಿ ಮರ ಇದ್ದವರು ದಿನಾ ತಿನ್ನುವ ಅಭ್ಯಾಸ ಬೇಡ. ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ಕೂಡ ಇದೇ ಕೆಲಸ ಮಾಡುತ್ತದೆ. ಮಳೆಗಾಲದ ಕೆಮ್ಮಿಗೆ ಆಂಟಿಬಯಾಟಿಕ್ ಬರೆಸಿಕೊಳ್ಳುವಾಗ ಕೊಲೆಸ್ಟ್ರಾಲ್ ಮಾತ್ರೆಯ ಹೆಸರು ಹೇಳಿ.

ಒಂದು ವಿಷಯದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ತಡೆಯಲಾರದ ಸ್ನಾಯು ನೋವು, ಕುರ್ಚಿಯಿಂದ ಏಳಲಾಗದ ಸುಸ್ತು, ಮೂತ್ರ ಕಪ್ಪು ಕಾಫಿಯ ಬಣ್ಣ. ಇದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊಡೆತ ಬೀಳುವ ಲಕ್ಷಣ. ತೀರಾ ಅಪರೂಪ, ಆದರೆ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ನಮ್ಮ ಊರಿನವರಿಗೆ ಒಂದು ಗೊಂದಲ ಇದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಅನ್ನುವ ಕಾಡು ಸೊಪ್ಪಿನ ಪಾಯಸ ತಿಂದರೆ ಎಲ್ಲರ ಮೂತ್ರವೂ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ, ಹೆದರಬೇಕಾಗಿಲ್ಲ. ಪಾಯಸ ತಿನ್ನದೆ ಬಣ್ಣ ಬಂದರೆ, ಅಥವಾ ಪಾಯಸ ತಿಂದಿದ್ದರೂ ತೊಡೆ ಹಿಡಿದುಕೊಂಡು ಮೆಟ್ಟಿಲು ಹತ್ತಲಾಗದಿದ್ದರೆ, ಸೊಪ್ಪಿನ ಲೆಕ್ಕ ಹಾಕುತ್ತಾ ಮನೆಯಲ್ಲಿ ಕೂರಬೇಡಿ.