ನಲವತ್ತು ಎಂಎಲ್ ಡೈನಲ್ಲಿ ಥ್ರಾಂಬೆಕ್ಟಮಿ: ನನ್ನ ಅನುಭವ

ಹೋದ ತಿಂಗಳು ಒಬ್ಬ ಅಜ್ಜಿಗೆ ಥ್ರಾಂಬೆಕ್ಟಮಿ ಮಾಡಿದೆ, ಅಂದರೆ ರಕ್ತನಾಳದೊಳಗೆ ಕ್ಯಾಥೆಟರ್ (ಸಣ್ಣ ಕೊಳವೆ) ಕಳಿಸಿ ಮಿದುಳಿನ ಎಡಗಡೆಯ ಎಂ1 ಎಂಬ ದೊಡ್ಡ ನಾಳದ ಬ್ಲಾಕ್ ತೆಗೆದೆ. ಕ್ರಿಯಾಟಿನೈನ್ 1.8 (ಕಿಡ್ನಿ ಸೋತಿದೆ ಎಂಬ ಸೂಚನೆ), ಬಿಪಿ ಮೊದಲಿನಿಂದಲೂ ಜಾಸ್ತಿ, ಹಳೆಯ ಸ್ಟ್ರೋಕ್ ಬೇರೆ. ಕ್ಲಾಟ್ ಹೊರತೆಗೆಯಲು ಮೂರು ಪಾಸ್, ಅಂದರೆ ಮೂರು ಪ್ರಯತ್ನ ಬೇಕಾಯಿತು. ಎಕ್ಸ್‌ರೇಯಲ್ಲಿ ನಾಳ ಕಾಣಲು ಬಿಡುವ ಅಯೊಡಿನ್ ಡೈ ಹೋಗಿದ್ದು ಸುಮಾರು 40 ಎಂಎಲ್. ಮೂರು ವರ್ಷದ ಹಿಂದೆ ಇಂಥ ಕೇಸ್‌ಗೆ 180 ಸಲೀಸಾಗಿ ಸುರಿಯುತ್ತಿದ್ದೆ. ಅಜ್ಜಿ ಎರಡನೇ ದಿನ ಮಗನನ್ನು ಹೆಸರು ಹಿಡಿದು ಕರೆದರು.

ಈ ಡೈ ಕೆಲವೊಮ್ಮೆ ಮಿದುಳಿಗೆ ಸೋರಿ ಅದನ್ನು ಕೆಣಕುತ್ತದೆ. ಈ 40 ಎಂಎಲ್‌ಗೆ ಬರುವ ಮೊದಲು ಕಳೆದುಕೊಂಡದ್ದು ಬಹಳ. ಒಬ್ಬರಿಗೆ ಕುತ್ತಿಗೆಯ ಕೆರೋಟಿಡ್ ನಾಳಕ್ಕೆ ಸ್ಟೆಂಟ್ ಹಾಕಿ ಮೇಲಿನ ಕ್ಲಾಟ್ ತೆಗೆದಿದ್ದೆ. ನಾಲ್ಕು ಗಂಟೆ ಬಿಟ್ಟು ಫಿಟ್ಸ್ ಬಂತು, ಕೈ ಮತ್ತೆ ಬಿತ್ತು. ಸಿಟಿಯಲ್ಲಿ ಆ ಕಡೆ ಪೂರ್ತಿ ಬಿಳಿ. ಬ್ಲೀಡ್ ಅಂದುಕೊಂಡು, ಸ್ಟೆಂಟ್‌ನಲ್ಲಿ ಕ್ಲಾಟ್ ಆಗದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ನಿಲ್ಲಿಸಿದೆ. ಮರುದಿನ ನೋಡಿದರೆ ಬಿಳಿ ಮುಕ್ಕಾಲು ಪಾಲು ಹೋಗಿತ್ತು. ರಕ್ತ ಒಂದೇ ದಿನದಲ್ಲಿ ಹಾಗೆ ಕರಗಲ್ಲ ಅಲ್ವಾ. ಅದು ಡೈ. ಅಷ್ಟರಲ್ಲಿ ಸ್ಟೆಂಟ್ ಮುಚ್ಚಿತ್ತು. ಹೊಲ ಅಡ ಇಟ್ಟು ಐದು ಲಕ್ಷದ ಹತ್ತಿರ ಕಟ್ಟಿದ್ದರು ಮನೆಯವರು. ಆ ಮನುಷ್ಯ ಇವತ್ತಿಗೂ ಬಲಗೈಯಲ್ಲಿ ತುತ್ತು ಎತ್ತಲಾರರು. ನಿರ್ಧಾರ ನನ್ನದಾಗಿತ್ತು.

ಇನ್ನೊಬ್ಬರದು ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ಬೇಸಿಲಾರ್ ನಾಳದ ಬ್ಲಾಕ್. ಅದಕ್ಕೆ ಸೇರುವ ವರ್ಟಿಬ್ರಲ್ ನಾಳದಲ್ಲಿ ಡೈ ಬಿಟ್ಟು ರನ್ (ಚಿತ್ರಗಳ ಸಾಲು) ಮೇಲೆ ರನ್ ತೆಗೆದಿದ್ದೆ. ಸಂಜೆ ಅವರು "ಡಾಕ್ಟ್ರೇ, ಲೈಟ್ ಯಾಕೆ ಆರಿಸಿದ್ದೀರಿ?" ಅಂದರು. ಐಸಿಯು ತುಂಬ ಬೆಳಕಿತ್ತು. ಟಾರ್ಚ್ ಹಾಕಿದರೆ ಪಾಪೆ ಸರಿಯಾಗಿ ಕಿರಿದಾಗುತ್ತಿತ್ತು, ಅಂದರೆ ತೊಂದರೆ ಕಣ್ಣಿನದಲ್ಲ, ಮಿದುಳಿನದು. ಎಂಆರ್‌ಐನಲ್ಲಿ ಹೊಸ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ) ಇರಲಿಲ್ಲ. ಮೂರನೇ ದಿನ ದೃಷ್ಟಿ ಬಂತು. ಡೈಯಿಂದ ಹೀಗೆ ಕಣ್ಣು ಹೋಗಿ ಬರುವುದು 1970ರಲ್ಲೇ ಹೃದಯದ ಆಂಜಿಯೊ ನಂತರ ವರದಿಯಾಗಿತ್ತು. ಓದಿ ಗೊತ್ತಿತ್ತು, ನೋಡಿರಲಿಲ್ಲ.

ಆಮೇಲೆ ಡೈ ಅಳೆಯಲು ಶುರು ಮಾಡಿದೆ. ಲ್ಯಾಬ್ ಗೋಡೆಗೆ ಒಂದು ಬಿಳಿ ಬೋರ್ಡ್. ಪ್ರತಿ ಇಂಜೆಕ್ಷನ್‌ಗೆ ಟೆಕ್ನಿಷಿಯನ್ ಎಂಎಲ್ ಬರೆದು ಜೋರಾಗಿ ಹೇಳಬೇಕು. 300ರ (ಎಂಎಲ್‌ಗೆ 300 ಮಿ.ಗ್ರಾಂ ಅಯೊಡಿನ್ ಇರುವ) ಡೈಗೆ ಅರ್ಧಕ್ಕರ್ಧ ಸಲೈನ್. ಪವರ್ ಇಂಜೆಕ್ಟರ್ ಬಂದ್, ಸಣ್ಣ ಸಿರಿಂಜ್‌ನಲ್ಲಿ ಕೈಯಿಂದಲೇ. ಪಾಸ್ ಆದಮೇಲೆ ಪೂರ್ತಿ ರನ್ ಬೇಡ, ಒಂದು ಪಫ್ (ತುಸುವೇ ಡೈ) ಸಾಕು. "ಹೀಗೆ ಮಾಡಿದರೆ ಎಂ3 (ದೂರದ ಸಣ್ಣ ಕವಲುಗಳು) ಕಾಣಲ್ಲ, ಸುಮ್ನೆ ಟೈಮ್ ಹಾಳು" ಅಂದರು ಸೀನಿಯರ್. ಮೊದಲ ಎಂಟು–ಹತ್ತು ಕೇಸ್‌ಗಳಲ್ಲಿ ಅವರ ಮಾತೇ ನಿಜವಾಯಿತು. ಚಿತ್ರ ಪೇಲವ, ಒಂದರಲ್ಲಿ ದೂರದ ಕ್ಲಾಟ್ ಕೈತಪ್ಪಿತು. ಎಕ್ಸ್‌ಪೋಷರ್ ಸೆಟ್ಟಿಂಗ್ ಬದಲಿಸಿದ ಮೇಲೆ ಸರಿಹೋಯಿತು. ಆ ಸೆಟ್ಟಿಂಗ್ ಇಲ್ಲಿ ಹೇಳಲ್ಲ, ಮಷಿನ್‌ನಿಂದ ಮಷಿನ್‌ಗೆ ಬೇರೆ. ನನಗೆ ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಡುವೆ ಬೇರೆ ಪ್ರಯತ್ನಗಳೂ ಆದವು. ರಕ್ತದಷ್ಟೇ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ಇರುವ ಐಯೊಡಿಕ್ಸನಾಲ್ ಎಂಬ ಡೈಗೆ ಬದಲಾದೆ. ಬಾಟಲಿಗೆ ಒಂದೂವರೆ ಪಟ್ಟು ದುಡ್ಡು ಹೋಯಿತು, ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಡೈ ಬೆಚ್ಚಗೆ ಮಾಡಿದ್ದು ಮಾತ್ರ ಉಪಯೋಗಕ್ಕೆ ಬಂತು. ತೆಳ್ಳಗಾಗುತ್ತದೆ, ಸಣ್ಣ ಕ್ಯಾಥೆಟರ್‌ನಲ್ಲಿ ಕೈಗೆ ಹಗುರ. ಎಲ್ಲರಿಗೂ ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾ ಕೊಟ್ಟು ನೋಡಿದ್ದೆ. ಶುಗರ್ 400 ದಾಟಿತು, ಬಿಟ್ಟೆ. ಈಗ ಮಿದುಳಿನ ಊತ ಜಾಸ್ತಿ ಇದ್ದವರಿಗೆ ಮಾತ್ರ.

ಸಿಟಿಯಲ್ಲಿ ಬಿಳಿ ಕಂಡಾಗ ಏನು ಮಾಡುತ್ತೇನೆ? ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಬಿಳುಪಿನ ಅಳತೆ) 90 ದಾಟಿದರೆ ಡೈ ಇರಬಹುದು. ಆದರೆ ಅದನ್ನೊಂದೇ ನಂಬಿ ಎರಡು ಸಲ ಎಡವಿದ್ದೇನೆ, ಡೈ ಜೊತೆ ರಕ್ತವೂ ಸೇರಿತ್ತು. ಡ್ಯುಯಲ್ ಎನರ್ಜಿ ಸಿಟಿ ಇದ್ದರೆ ಅಯೊಡಿನ್ ಬೇರೆ, ರಕ್ತ ಬೇರೆ ಅಂತ ಅಲ್ಲೇ ತೋರಿಸುತ್ತದೆ. ನಮ್ಮಲ್ಲಿ ಇಲ್ಲ. ಅದಕ್ಕೇ 24 ಗಂಟೆಗೆ ಇನ್ನೊಂದು ಪ್ಲೇನ್ (ಡೈ ಹಾಕದ) ಸಿಟಿ, ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಹೊಸ ಸ್ಟೆಂಟ್ ಇದ್ದು ಅಷ್ಟು ಹೊತ್ತು ಕಾಯಲಾಗದಿದ್ದರೆ, ಎಂಆರ್‌ಐನಲ್ಲಿ ರಕ್ತ ಇದ್ದರೆ ತೋರಿಸುವ ಗ್ರೇಡಿಯಂಟ್ ಸೀಕ್ವೆನ್ಸ್ ನೋಡದೆ ಮಾತ್ರೆ ನಿಲ್ಲಿಸಲು ಬಿಡಲ್ಲ. ಅದಕ್ಕಾಗಿ ರಾತ್ರಿ ಎರಡಕ್ಕೂ ರೇಡಿಯಾಲಜಿಯವರನ್ನು ಎಬ್ಬಿಸಿದ್ದೇನೆ.

ಅಂದು ಟೈಮ್ ಹಾಳು ಅಂದಿದ್ದ ಸೀನಿಯರ್ ಮೊನ್ನೆ ಫೋನ್ ಮಾಡಿದ್ದರು. ಬೋರ್ಡ್‌ನ ಫೋಟೊ ಬೇಕಂತೆ. ಅಜ್ಜಿಯ ಕೇಸ್‌ದೇ ಕಳಿಸಿದೆ.