ಕಾಳಿನ ಕಬ್ಬಿಣವೋ, ಮಣ್ಣಿನ ಕಬ್ಬಿಣವೋ

ತೊಗರಿ ಕಾಳಿನ ಕಬ್ಬಿಣ ಮತ್ತು ಸತುವಿನ ಅಂಶ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಕಲಬುರಗಿಯ ಎರೆಹೊಲದಲ್ಲಿ ನಾನು ಕೆಲಸ ಮಾಡಿದ್ದೇನೆ. ಇದಕ್ಕೆ ಕೈಹಾಕುವವರಿಗೆ ನನ್ನ ಮೊದಲ ಮಾತು ವಂಶವಾಹಿಯದಲ್ಲ, ಧೂಳಿನದು.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ತೊಗರಿಯಲ್ಲಿರುವುದು ಕೆಲವು ಹತ್ತು ಮಿಲಿಗ್ರಾಂ ಕಬ್ಬಿಣ. ಎರೆಮಣ್ಣಿನಲ್ಲಿ ಶೇ 4ರಷ್ಟು ಕಬ್ಬಿಣ ಇದೆ ಎಂದಿಟ್ಟುಕೊಂಡರೆ, ಗ್ರಾಂ ಕಾಳಿಗೆ ಒಂದೇ ಮಿಲಿಗ್ರಾಂ ಮಣ್ಣು ಅಂಟಿದರೂ ಕಿಲೋಗೆ 40 ಮಿಲಿಗ್ರಾಂ ಸುಳ್ಳು ಕಬ್ಬಿಣ ಸೇರಿಕೊಳ್ಳುತ್ತದೆ. ಸಾಧಾರಣ ತಳಿಯೂ ಅಪರೂಪದ್ದಾಗಿ ಕಾಣುತ್ತದೆ! ಸತುವಿಗೆ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ, ಮಣ್ಣಿನಲ್ಲೇ ಅದು ಅಲ್ಪ. ಆದ್ದರಿಂದ ಪ್ರಯೋಗದ ಗಿಡಗಳನ್ನು ರಾಶಿ ಯಂತ್ರಕ್ಕೆ ಕೊಡಲಿಲ್ಲ, ಕಣದಲ್ಲಿ ಬಡಿಯಲೂ ಬಿಡಲಿಲ್ಲ. ಗಿಡದಲ್ಲೇ ಕಾಯಿ ಬಿಡಿಸಿ ಬಟ್ಟೆಚೀಲಕ್ಕೆ ಹಾಕಿ, ಕೈಯಲ್ಲೇ ಸುಲಿದು, ಬಟ್ಟಿ ಇಳಿಸಿದ ನೀರಿನಲ್ಲಿ ಬೇಗ ತೊಳೆದು ಒಣಗಿಸಿದೆವು. ಅಲ್ಯೂಮಿನಿಯಂ ಮಣ್ಣಿನಲ್ಲಿ ಹೇರಳ, ಕಾಳಿನಲ್ಲಿ ಅತ್ಯಲ್ಪ. ಅದು ಹೆಚ್ಚು ಕಂಡ ಮಾದರಿಯಲ್ಲಿ ಮಣ್ಣು ಉಳಿದಿದೆ ಎಂದೇ ಅರ್ಥ. ಅಂಥದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಂಕರಣಕ್ಕೆ ಮರುದಿನ ಅರಳಲಿರುವ ಮೊಗ್ಗೇ ಬೇಕು, ಏಕೆಂದರೆ ತೊಗರಿಯ ಪರಾಗ ಹೂವು ಬಿರಿಯುವ ಮೊದಲೇ ಉದುರುತ್ತದೆ. ಚಿಮಟದಿಂದ ದಳ ಸರಿಸಿದರೆ ಹತ್ತು ಕೇಸರಗಳು ಕಾಣುತ್ತವೆ: ಒಂಬತ್ತು ಬುಡದಲ್ಲಿ ಕೂಡಿಕೊಂಡಿವೆ, ಒಂದು ಬಿಡಿ. ಹತ್ತನ್ನೂ ತೆಗೆದು ಬೇರೆ ತಳಿಯ ಪರಾಗ ಸವರುತ್ತೇವೆ. ಜೇನ್ನೊಣ ಬಾರದಂತೆ ಮಸ್ಲಿನ್ ಚೀಲ ಕಟ್ಟುವುದು ಕಡ್ಡಾಯ.

ಹೀಗೆ ಸಿಕ್ಕ ಕಾಳಿನ ಸಿಪ್ಪೆ ತಾಯಿ ಗಿಡದ್ದೇ ಅಂಗಾಂಶ, ಒಳಗಿನ ಬೇಳೆ ಮಾತ್ರ ಮುಂದಿನ ಪೀಳಿಗೆ. ಇಡೀ ಕಾಳನ್ನು ಅರೆದರೆ ಎರಡು ಪೀಳಿಗೆಗಳು ಒಂದೇ ಪುಡಿಯಲ್ಲಿ ಬೆರೆತುಹೋಗುತ್ತವೆ. ಸಾಲದ್ದಕ್ಕೆ, ಬೇಳೆಗೂ ಕಬ್ಬಿಣ ತಂದು ತುಂಬುವುದು ತಾಯಿಯ ಬೇರು ಮತ್ತು ಎಲೆಗಳೇ. ಹಾಗಾಗಿ ಒಂದೊಂದು ಕಾಳನ್ನಲ್ಲ, ಇಡೀ ಗಿಡದ ಫಸಲನ್ನು ಒಂದು ಘಟಕವೆಂದು ಎಣಿಸಿದೆ. ತಾಯಿಯ ಪ್ರಭಾವ ಎಷ್ಟೆಂದು ತಿಳಿಯಲು ತಾಯಿ-ತಂದೆ ತಳಿಗಳನ್ನು ಅದಲುಬದಲು ಮಾಡಿಯೂ ಸಂಕರಿಸಿದೆ. ಒಂದೇ ವಂಶವಾಹಿ ನಡೆಸುವ ಗುಣದಲ್ಲಿ ಮೆಂಡಲ್ ಕಂಡ ಮೂರಕ್ಕೆ ಒಂದು ಎಂಬ ಅನುಪಾತವನ್ನು ಇಲ್ಲಿ ಹುಡುಕಬಾರದು, ಇದು ಹಲವು ವಂಶವಾಹಿಗಳು ಸೇರಿ ನಡೆಸುವ ಗುಣ. ಅದರ ಮೇಲೆ ಸುಣ್ಣದಂಶದ ಎರೆಯಲ್ಲಿ ಸತು ಒಂದೆಡೆ ಸಿಕ್ಕಂತೆ ಇನ್ನೊಂದೆಡೆ ಗಿಡಕ್ಕೆ ಸಿಗುವುದಿಲ್ಲ. ಕೆಲವು ಸಾಲುಗಳಿಗೊಮ್ಮೆ ‘ಆಶಾ’ ತಳಿಯನ್ನು ಹೋಲಿಕೆಗೆ ಬಿತ್ತಿದ್ದು ಇದೇ ಕಾರಣಕ್ಕೆ. 2011ರಲ್ಲಿ ಪ್ರಕಟವಾದ ತೊಗರಿ ಜೀನೋಮ್ (ಒಟ್ಟು ವಂಶವಾಹಿ ಮಾಹಿತಿ) ಸಹ ಈ ತಳಿಯದೇ.

ಹೊಲ ನೋಡಲು ಬಂದ ರೈತರೊಬ್ಬರು, “ಸರ್, ನಾವು ಉಣ್ಣುವುದು ಬೇಳೆ, ಹೊಟ್ಟು ದನಕ್ಕೆ ಹೋಗುತ್ತದೆ. ನೀವು ಯಾವುದನ್ನು ಅಳೆಯುತ್ತೀರಿ?” ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಸಭೆಯಲ್ಲೂ ನಾನು ಕೇಳಿಲ್ಲ. ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರುತ್ತದೆ, ಮಿಲ್ಲಿನಲ್ಲಿ ಹೊಟ್ಟಿನೊಂದಿಗೆ ಹೋಗಿಬಿಡುತ್ತದೆ. ನಾನು ಈಗ ಬೇಳೆ ಮತ್ತು ಸಿಪ್ಪೆಯನ್ನು ಬೇರೆಬೇರೆಯಾಗಿ ಅಳೆಯುತ್ತೇನೆ, ಜೊತೆಗೆ ನೂರು ಕಾಳಿನ ತೂಕವನ್ನೂ ಬರೆದಿಡುತ್ತೇನೆ. ಕಾಳು ಸಣಕಲಾಗಿದ್ದರಿಂದಲೇ ಕಬ್ಬಿಣದ ಸಾಂದ್ರತೆ ಹೆಚ್ಚಿದಂತೆ ತೋರುವ ಗಿಡಗಳಿರುತ್ತವೆ. ಅವುಗಳನ್ನು ಮುಂದಿನ ಬಿತ್ತನೆಗೆ ಆರಿಸುವುದಿಲ್ಲ.